ಗ್ನೋಮ್‌ನ ಮೊದಲ ಪರದೆ

ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್ ಮೊದಲ ಸಲ ತೆರೆದಾಗ ಬರುವ ‘ಇನಿಷಿಯಲ್ ಸೆಟಪ್’ ತನ್ನ ಗುಣಗಾನ ಮಾಡಿಕೊಳ್ಳುವುದಿಲ್ಲ. ಭಾಷೆ ಯಾವುದೆಂದು ಕೇಳುತ್ತದೆ. ಪಟ್ಟಿಯಲ್ಲಿ ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿದೆ. ತೆಲಂಗಾಣದ ಗಡಿಗೆ ಹತ್ತಿರದ ಸೇಡಂ, ಚಿಂಚೋಳಿಗಳಲ್ಲಿ ಕನ್ನಡದ ಜೊತೆ ತೆಲುಗು; ವಾಡಿ, ಶಹಾಬಾದ್, ಚಿತ್ತಾಪುರಗಳಲ್ಲಿ ದಖನಿ ಉರ್ದು ಬಳಕೆಯಲ್ಲಿವೆ. ಇಂಥ ಕಡೆ ಇಂಗ್ಲಿಷ್ ಓದಲಾಗದವರಿಗೂ ತಮ್ಮ ಅಕ್ಷರ ಕಂಡರೆ ಸಾಕು.

ಕನ್ನಡದ ಮಟ್ಟಿಗೆ ನಿಜವಾದ ಪರೀಕ್ಷೆ ಮುಂದಿನ ಪುಟ, ಕೀಲಿಮಣೆಯದು. ನುಡಿ ತಂತ್ರಾಂಶದಲ್ಲಿ ಕೈ ಪಳಗಿದ ಗುಮಾಸ್ತರಿಗೆ ಬೇಕಾದದ್ದು ಕಗಪ ವಿನ್ಯಾಸ. ಬರೀ ‘ಕನ್ನಡ’ ಎಂದಿರುವುದನ್ನು ಆರಿಸಿದರೆ ಸಿಗುವುದು ಇನ್‌ಸ್ಕ್ರಿಪ್ಟ್ ಎಂಬ ಬೇರೆ ವಿನ್ಯಾಸ. ಕಗಪದಲ್ಲಿ ‘ಪ’ ಬರುವುದು ಪಿ ಕೀಲಿಗೆ, ಇನ್‌ಸ್ಕ್ರಿಪ್ಟ್‌ನಲ್ಲಿ ಎಚ್ ಕೀಲಿಗೆ. ಅಲ್ಲಿ ಪಿ ಒತ್ತಿದರೆ ‘ಜ’ ಮೂಡುತ್ತದೆ. ಆರಿಸುವ ಮುನ್ನ ಕೀಲಿಗಳ ಚಿತ್ರ ನೋಡುವ ಸೌಲಭ್ಯ ಇಲ್ಲಿ ಸಮಯಕ್ಕೆ ಒದಗುತ್ತದೆ. ಹೆಸರಿನ ಪಕ್ಕ ಒಂದು ಸಾಲಿನ ವಿವರಣೆ ಇದ್ದಿದ್ದರೆ ಇನ್ನೂ ಚೆನ್ನಿತ್ತು.

ಅಂತರಜಾಲದ ಪುಟವನ್ನು ದಾಟಿ ಹೋಗಬಹುದು. ನೆಟ್‌ವರ್ಕ್ ಕೈಕೊಟ್ಟ ದಿನವೂ ಕೆಲಸ ನಿಲ್ಲದು.

ಲಿನಕ್ಸ್ ಮಿಂಟ್‌ನ ಸ್ವಾಗತ ಪರದೆಯ ರೀತಿ ಬೇರೆ. ಅಪ್‌ಡೇಟ್, ಡ್ರೈವರ್, ಸಿಸ್ಟಂ ಬ್ಯಾಕಪ್ ಎಂಬ ಪ್ರತಿ ಸಲಹೆಯ ಎದುರಿಗೂ ಆ ಸಾಧನವನ್ನೇ ತೆರೆಯುವ ಗುಂಡಿಯಿದೆ. ಬೇಡವಾದವರು ಕೆಳಗಿನ ಗುರುತು ತೆಗೆದರೆ ಆ ಪರದೆ ಮತ್ತೆ ಎದುರಾಗುವುದಿಲ್ಲ. ಉಪಯೋಗದಲ್ಲಿ ಮಿಂಟ್‌ನದೇ ಒಂದು ಕೈ ಮೇಲು.