ಎಡಕ್ಕೆ ತಿರುಗಲು ಬಲಕ್ಕೆ ಹ್ಯಾಂಡಲ್

ನಮ್ಮ ಆಲೆಟ್ಟಿ ಕಡೆ ಬೈಕ್ ಕಲಿತವರಿಗೆ ಮೊದಲ ಗುರು ಮುರಕಲ್ಲಿನ ಹರಳು. ಮಳೆ ನಿಂತ ಮೇಲೆ ರಬ್ಬರ್ ತೋಟದ ಮಣ್ಣುದಾರಿಯಿಂದ ಕೊಚ್ಚಿಕೊಂಡು ಬಂದ ಕೆಂಪು ಹರಳು ಡಾಂಬರಿನ ತಿರುವಿನಲ್ಲಿ ಹರಡಿ ಬಿದ್ದಿರುತ್ತದೆ. ಅಲ್ಲಿ ಮುಂದಿನ ಬ್ರೇಕ್ ಒತ್ತಿದವ ನೇರ ಚರಂಡಿಗೆ. ‘ಬ್ರೇಕ್ ಹಿಡಿಯಬೇಡ ಮಾರಾಯ’ ಎಂದು ಹಿಂದೆ ಕೂತ ಮಾವ ಕೂಗುವಷ್ಟರಲ್ಲಿ ನಾನೂ ಒಮ್ಮೆ ಮೊಣಕಾಲಿನ ಚರ್ಮ ಕೊಟ್ಟು ಬಂದಿದ್ದೇನೆ. ಮುಂದೆ ಎಷ್ಟೋ ವರ್ಷ ಕಳೆದು ಸ್ಪೀಡ್‌ವೇ ರೇಸ್ ನೋಡಿದಾಗ ಆ ಮಾತೇ ನೆನಪಾಯಿತು. ಆ ಬೈಕುಗಳಿಗೆ ಬ್ರೇಕೇ ಇಲ್ಲ.

ಬ್ರೇಕ್ ಇಲ್ಲ, ಬದಲಾಯಿಸಲು ಗೇರೂ ಇಲ್ಲ. 500 ಸಿಸಿಯ ಒಂದೇ ಸಿಲಿಂಡರ್, ಕುಡಿಯುವುದು ಮೆಥನಾಲ್, ತೂಕ 77 ಕಿಲೋದ ಆಸುಪಾಸು. ಅಂಡಾಕಾರದ ಮಣ್ಣಿನ ಟ್ರ್ಯಾಕಿನಲ್ಲಿ ನಾಲ್ವರು, ನಾಲ್ಕು ಸುತ್ತು, ಎಲ್ಲವೂ ಎಡಕ್ಕೇ. ಸುಮಾರು ಒಂದು ನಿಮಿಷದಲ್ಲಿ ಒಂದು ಓಟ, ಅಂದರೆ ಒಂದು ಹೀಟ್, ಮುಗಿಯುತ್ತದೆ. ಮೊದಲಿಗನಿಗೆ 3, ಆಮೇಲಿನವರಿಗೆ 2, 1, ಕೊನೆಯವನಿಗೆ ಸೊನ್ನೆ. ಲೆಕ್ಕ ಇಷ್ಟೇ.

ಬ್ರೇಕ್ ಇಲ್ಲದಿರುವುದು ಹುಚ್ಚಲ್ಲ. ಚಕ್ರಕ್ಕೆ ಚಕ್ರ ತಾಗುವ ಹಾಗೆ ಓಡುವಾಗ ಮುಂದಿನವ ಗಕ್ಕನೆ ನಿಂತರೆ ಹಿಂದಿನವ ಅವನ ಬೆನ್ನ ಮೇಲೆ. ವೇಗ ಇಳಿಸುವ ಕೆಲಸವನ್ನು ಜಾರುವ ಹಿಂದಿನ ಚಕ್ರವೇ ಮಾಡಬೇಕು. ತಿರುವಿಗೆ ಮೊದಲೇ ಸವಾರ ಬೈಕನ್ನು ಮಲಗಿಸುತ್ತಾನೆ, ಉಕ್ಕಿನ ತಳದ ಬೂಟು ತೊಟ್ಟ ಎಡಗಾಲನ್ನು ನೆಲಕ್ಕೆ ಊರುತ್ತಾನೆ, ಹಿಂದಿನ ಚಕ್ರ ಹೊರಗೆ ಸರಿಯುತ್ತದೆ. ಬೈಕ್ ಎಡಕ್ಕೆ ಹೋಗುತ್ತಿದ್ದರೆ ಹ್ಯಾಂಡಲ್ ಬಲಕ್ಕೆ ತಿರುಗಿರುತ್ತದೆ. ಹೆದರಿ ರೈಸ್ ಬಿಟ್ಟರೆ ಟೈರಿಗೆ ಒಮ್ಮೆಲೇ ಹಿಡಿತ ಸಿಕ್ಕಿ, ಬೈಕ್ ಸವಾರನನ್ನೇ ಎತ್ತಿ ಒಗೆಯಬಹುದು. ಜಾರುವಾಗ ರೈಸ್ ಬಿಡದ ಧೈರ್ಯ, ಹರಳು ಕಂಡರೆ ರೈಸ್ ಬಿಡು ಎಂಬ ನಮ್ಮ ಊರಿನ ಪಾಠಕ್ಕೆ ಪೂರ್ತಿ ತಿರುಗುಮುರುಗು. ನನ್ನನ್ನು ಹಿಡಿದಿಟ್ಟದ್ದು ಇದೇ.

ಆಸ್ಟ್ರೇಲಿಯಾದ ವೆಸ್ಟ್ ಮೇಟ್‌ಲ್ಯಾಂಡ್‌ನಲ್ಲಿ 1923ರಲ್ಲಿ ಜಾನಿ ಹಾಸ್ಕಿನ್ಸ್ ನಡೆಸಿದ ಪಂದ್ಯದಿಂದ ಸ್ಪೀಡ್‌ವೇಯ ಕಥೆ ಶುರು ಮಾಡುವುದು ರೂಢಿ. ಅದಕ್ಕೂ ಮೊದಲೇ ಇತ್ತೆಂಬ ತಕರಾರೂ ಇದೆ, ಇರಲಿ. 1928ರ ಫೆಬ್ರವರಿ 19ರಂದು ಲಂಡನ್ ಹತ್ತಿರದ ಹೈ ಬೀಚ್‌ನಲ್ಲಿ ಜನ ಮುಗಿಬಿದ್ದ ಮೇಲೆ ಇಂಗ್ಲೆಂಡ್ ತುಂಬ ಹಬ್ಬಿತು. ಈಗ ಇದರ ಮನೆ ಪೋಲೆಂಡ್. ಅಲ್ಲಿನ ಬಾರ್ತೋಷ್ ಜ್ಮಾರ್ಜ್ಲಿಕ್ 2019ರಿಂದ 2024ರೊಳಗೆ ಐದು ಸಲ ವಿಶ್ವ ಚಾಂಪಿಯನ್.

ನಮಗೂ ಇದರೊಂದಿಗೆ ಒಂದು ದೂರದ ನೆಂಟಸ್ತಿಕೆ ಇದೆ. ಸ್ಪೀಡ್‌ವೇ ಬೈಕುಗಳಲ್ಲಿ ದೊಡ್ಡ ಹೆಸರು ಜೆಕ್ ದೇಶದ ಜಾವಾ; ಅಲ್ಲಿನ ದಿವಿಶೋವ್‌ನಲ್ಲಿ ಇಂಥ ಬೈಕು ಮಾಡುತ್ತಿದ್ದ ಎಸೊ ಕಾರ್ಖಾನೆ 1964ರಲ್ಲಿ ಅದರೊಳಗೆ ಸೇರಿತು. ಅದೇ ಜಾವಾದ ತಂತ್ರದಿಂದ 1960ರ ದಶಕದ ಆರಂಭದಲ್ಲಿ ಹುಟ್ಟಿದ್ದು ಮೈಸೂರಿನ ಐಡಿಯಲ್ ಜಾವಾ. 1996ರಲ್ಲಿ ಬಾಗಿಲು ಹಾಕುವವರೆಗೂ ಅದು ಜಾವಾ, ಯೆಜ್ಡಿಗಳನ್ನು ಕೊಟ್ಟಿತು. ನಮ್ಮದು ಟೂ ಸ್ಟ್ರೋಕ್, ಅವರದು ಫೋರ್ ಸ್ಟ್ರೋಕ್. ಎಂಜಿನ್‌ನಲ್ಲಿ ಹೋಲಿಕೆ ಹುಡುಕಬೇಡಿ. ಆದರೂ ಎರಡು ಸೈಲೆನ್ಸರಿನ ಯೆಜ್ಡಿ ರೋಡ್‌ಕಿಂಗ್ ಏರಿ ಘಾಟಿ ಇಳಿದವರಿಗೆ ಜಾವಾ ಹೆಸರು ಕೇಳಿದರೆ ಕಿವಿ ನೆಟ್ಟಗಾಗುತ್ತದೆ.

ನೋಡುವುದು ಹೇಗೆ? ಮೊದಲು ಶುರುವಿನ ಗೆರೆಯ ಟೇಪ್ ಮೇಲೇಳುವ ಕ್ಷಣ, ಆಮೇಲೆ ಮೊದಲ ತಿರುವು. ಬಹಳ ಸಲ ಅಲ್ಲಿಗೇ ಹೀಟ್ ತೀರ್ಮಾನವಾಗಿಬಿಡುತ್ತದೆ. ಆಗದಿದ್ದರೆ ಕಣ್ಣು ಮಣ್ಣಿನ ಮೇಲಿರಲಿ. ಪುತ್ತೂರಿನ ದೇವರಮಾರು ಗದ್ದೆಯ ಕೋಟಿ-ಚೆನ್ನಯ ಕಂಬಳಕ್ಕೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಕೋಣಗಳ ಕೆನೆಹಲಗೆ ಓಟದಲ್ಲಿ ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂದು ಮೇಲೆ ಕಟ್ಟಿದ ನಿಶಾನೆ ನೋಡುತ್ತೇವೆ. ಇಲ್ಲಿ ಹಿಂದಿನ ಚಕ್ರ ಚಿಮ್ಮಿಸಿದ ಮಣ್ಣಿಗೆ ಅಂಕವಿಲ್ಲ, ಆದರೆ ಅದು ಎಲ್ಲಿ ಹೋಗಿ ಬಿತ್ತು ಎಂಬುದಕ್ಕೆ ಬೆಲೆ ಇದೆ. ಹೀಟ್ ಮೇಲೆ ಹೀಟ್ ನಡೆದಂತೆ ಒಳಬದಿ ಸವೆದು ನುಣುಪಾಗುತ್ತದೆ, ಸಡಿಲ ಮಣ್ಣೆಲ್ಲ ಹೊರಗೆ ರಾಶಿ ಬೀಳುತ್ತದೆ. ಟೈರಿಗೆ ಹಿಡಿತ ಸಿಗುವುದು ಆಗ ಅಲ್ಲಿ. ಸಂಜೆಯ ಶುರುವಿಗೆ ಒಳಗಿನ ಹತ್ತಿರದ ದಾರಿಯಲ್ಲಿ ಗೆದ್ದವನೇ ಹೊತ್ತು ಕಳೆದ ಮೇಲೆ ಅದೇ ದಾರಿಯಲ್ಲಿ ಸೋಲುವುದುಂಟು.

ಕಳೆದ ವಾರ ಮಾವನನ್ನು ಕೂರಿಸಿ ಒಂದು ಹಳೆಯ ಪಂದ್ಯ ತೋರಿಸಿದೆ. ಮೂರು ಹೀಟ್ ಸುಮ್ಮನೆ ನೋಡಿದರು. ನಾಲ್ಕನೆಯದರಲ್ಲಿ ನಾನು ಮುಂದಿದ್ದವನನ್ನು ಹೊಗಳುತ್ತಿದ್ದೆ. ಅವರು ಪರದೆಯ ಅಂಚಿಗೆ ಬೆರಳಿಟ್ಟರು: ‘ಅವನನ್ನು ಬಿಡು. ಹೊರಗಿನ ಹರಳಿನಲ್ಲಿ ಬರ್ತಾ ಇದ್ದಾನಲ್ಲ, ಇವನನ್ನು ನೋಡು.’