ಶಾಸನಸಭೆಯ ಪರಿಶೀಲನೆ ಮತ್ತು ಜನಪದ ಆಚರಣೆ: ಬಳಗಾನೂರು ಸೀಮೆಯ ಹಿನ್ನೆಲೆಯಲ್ಲಿ

ಹೊಸ ಕಾಯ್ದೆಯೊಂದು ಪ್ರಜೆಗಳ ಮೂಲಭೂತ ಹಕ್ಕುಗಳನ್ನು ಎಷ್ಟರಮಟ್ಟಿಗೆ ಕಾಯುತ್ತದೆ, ಎಲ್ಲಿ ಮೊಟಕುಗೊಳಿಸುತ್ತದೆ ಎಂಬ ಪರಿಶೀಲನೆಯು ಕಾನೂನು ತಜ್ಞರಿಗೆ ಮೀಸಲಾದ ಕ್ಷೇತ್ರವೆಂಬ ಭಾವನೆ ರೂಢಿಯಲ್ಲಿದೆ. ಆದರೆ ಕಾಯ್ದೆಯು ಜಾತ್ರೆ, ಹರಕೆಗಳನ್ನೇ ಹೆಸರಿಸಿ ಅಪರಾಧಗಳ ಪಟ್ಟಿ ಮಾಡಿದಾಗ ಆ ಪರಿಶೀಲನೆ ಜಾನಪದ ಅಧ್ಯಯನದ ಅಂಗಳಕ್ಕೂ ಬರುತ್ತದೆ. ‘ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರಗಳ ಪ್ರತಿಬಂಧ ಹಾಗೂ ನಿರ್ಮೂಲನೆ ಅಧಿನಿಯಮ, 2017’ ಅಂಥದೊಂದು ಪಠ್ಯ. 2013ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಸಿದ್ಧವಾದ ಕರಡು, 2017ರ ನವೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಅಂಗೀಕಾರವಾದ ಮಸೂದೆ, 2020ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆ, ಇವು ಅದರ ಮೂರು ಘಟ್ಟಗಳು.

ಹಿಂದೆ ಸಿಂಧನೂರು ತಾಲ್ಲೂಕಿನಲ್ಲಿದ್ದು ಈಗ ಮಸ್ಕಿ ತಾಲ್ಲೂಕಿಗೆ ಸೇರಿರುವ ಬಳಗಾನೂರಿನ ಸುತ್ತಣ ಸೀಮೆಯಲ್ಲಿ ನಿಂತು ಈ ಕಾಯ್ದೆಯ ಅನುಸೂಚಿಯನ್ನು ಓದಿದರೆ ಕೆಲವು ಸಂಗತಿಗಳು ಎದ್ದು ಕಾಣುತ್ತವೆ. ಮಡೆಸ್ನಾನ, ಬೆತ್ತಲೆ ಸೇವೆ, ಸಿಡಿ, ಬಾಯಿಬೀಗ, ಗಾವು ಇವೆಲ್ಲ ಅಲ್ಲಿ ಹೆಸರು ಸಹಿತ ದಾಖಲಾಗಿವೆ. ಶಿಕ್ಷೆ ಒಂದರಿಂದ ಏಳು ವರ್ಷಗಳ ಸೆರೆವಾಸ ಮತ್ತು 5,000ದಿಂದ 50,000 ರೂಪಾಯಿಗಳವರೆಗಿನ ದಂಡ. ಆದರೆ ಎಲ್ಲ ಆಚರಣೆಗಳನ್ನೂ ಒಂದೇ ಅಳತೆಯಿಂದ ಅಳೆದಿಲ್ಲ. ಕೆಂಡ ಹಾಯುವ ವಿಷಯದಲ್ಲಿ ಅಪರಾಧವೆನಿಸುವುದು ಬಲವಂತ ಮಾತ್ರ. ಸಿಡಿಯ ವಿಷಯದಲ್ಲಾದರೋ ಏರುವವನ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲ. ಮುದಗಲ್ಲಿನ ಮೊಹರಂ ಹೆಸರುವಾಸಿಯಾಗಿರುವ ಈ ಭಾಗದಲ್ಲಿ ಅಲಾಯಿ ಕುಣಿಯ ಸುತ್ತ ಹಿಂದೂ ಮುಸ್ಲಿಮರಿಬ್ಬರೂ ಸೇರುತ್ತಾರೆ. ಹರಕೆ ಹೊತ್ತು ಕೆಂಡ ಹಾಯುವವನು ತಾನಾಗಿ ಬಂದವನು. ಅವನ ಶ್ರದ್ಧೆಯನ್ನು ಸಂವಿಧಾನದ 25ನೆಯ ಅನುಚ್ಛೇದ ಕಾಯುತ್ತದೆ. ಸಿಡಿಯಲ್ಲಿ ಪರಿಸ್ಥಿತಿ ಬೇರೆ. ಎಷ್ಟೋ ಜಾತ್ರೆಗಳಲ್ಲಿ ಸಿಡಿ ಏರುವ ಸರದಿ ದಲಿತ ಮನೆತನಗಳ ಪಾಲಿಗೆ ವಂಶಪಾರಂಪರ್ಯವಾಗಿ ಬಂದದ್ದು. ನಿರಾಕರಿಸಿದರೆ ಊರಿನ ಮುನಿಸನ್ನು ಎದುರಿಸಬೇಕಾದವನ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲಾಗದು. ಆದ್ದರಿಂದ ಈ ಭೇದ ಸಮರ್ಥನೀಯವೇ. ಕೊರತೆಯೆಂದರೆ, ಅದಕ್ಕೆ ಕಾರಣವನ್ನು ಕಾಯ್ದೆ ಎಲ್ಲಿಯೂ ಹೇಳುವುದಿಲ್ಲ. ಅದು ಆಚರಣೆಯ ಹೆಸರನ್ನು ಹಿಡಿದಿದೆ, ಆಚರಣೆಯೊಳಗಿನ ಅಧಿಕಾರ ಸಂಬಂಧವನ್ನು ಹಿಡಿದಿಲ್ಲ.

ವಿನಾಯಿತಿಗಳತ್ತ ನೋಡಿದಾಗ ಈ ಕೊರತೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆಗಳನ್ನು ಕಾಯ್ದೆಯಿಂದ ಹೊರಗಿಟ್ಟಿರುವುದು ಸಹಜ. ಆದರೆ ವಾಸ್ತುವಿನ ಸಲಹೆ, ಜ್ಯೋತಿಷಿಯ ಸಲಹೆಗಳಿಗೂ ಅದೇ ರಕ್ಷಣೆ ದೊರೆತಿದೆ. ಅಕ್ಷರಸ್ಥರ, ಅನುಕೂಲಸ್ಥರ ನಂಬಿಕೆ ‘ಶಾಸ್ತ್ರ’ವಾಗಿ ಪಾರಾಗಿದೆ, ಬಯಲಿನ ನಂಬಿಕೆ ‘ದುಷ್ಟ ಪದ್ಧತಿ’ಯಾಗಿ ಸಿಕ್ಕಿಬಿದ್ದಿದೆ. ಹಣ ಸುಲಿಯುವ ವಂಚನೆಯನ್ನು ತಡೆಯುವುದೂ ಉದ್ದೇಶವಾಗಿದ್ದರೆ ಈ ಗೆರೆಯನ್ನು ಇಲ್ಲಿಯೇ ಎಳೆಯಲು ಆಧಾರವೇನು?

ಹಾಗೆಂದು ಜನಪದವೆಂಬ ಕಾರಣಕ್ಕೆ ಎಲ್ಲವನ್ನೂ ಎತ್ತಿಹಿಡಿಯುವ ನಿಲುವು ಒಪ್ಪತಕ್ಕದ್ದಲ್ಲ. ರಾಯಚೂರು ಜಿಲ್ಲೆಗೆ ಮುತ್ತು ಕಟ್ಟುವ ಪದ್ಧತಿಯ ಕಹಿ ಅನುಭವವಿದೆ. ‘ಕರ್ನಾಟಕ ದೇವದಾಸಿಯರ (ಸಮರ್ಪಣಾ ನಿಷೇಧ) ಅಧಿನಿಯಮ, 1982’ ಸಮರ್ಪಣೆಯನ್ನು ಕಾನೂನುಬಾಹಿರವೆಂದು ಸಾರಿತು. ಸಮರ್ಪಿತಳಾದವಳ ವಿವಾಹವನ್ನು ಸಿಂಧುವೆಂದಿತು. ತಂದೆತಾಯಿ, ಪೋಷಕರಿಗೆ ಎರಡರಿಂದ ಐದು ವರ್ಷಗಳ ಸೆರೆವಾಸ ವಿಧಿಸಿತು. ಇದು ದೊಡ್ಡ ಹೆಜ್ಜೆಯೇ ಸರಿ. ಆದರೆ ಬಡತನದಲ್ಲಿ ಮಗಳಿಗೆ ಮುತ್ತು ಕಟ್ಟಿದ ತಾಯಿಗೆ ಹೆಚ್ಚಿನ ಶಿಕ್ಷೆಯಿತ್ತು. ಆ ಪದ್ಧತಿಯ ಫಲವನ್ನುಂಡ ಗಂಡಸು ವಿಧಿಯಲ್ಲಿ ಪಾಲ್ಗೊಳ್ಳದಿದ್ದರೆ ಅವನಿಗೆ ಆ ಕಾಯ್ದೆಯಲ್ಲಿ ಯಾವ ಶಿಕ್ಷೆಯೂ ಇರಲಿಲ್ಲ. ಫಲಿತಾಂಶ ಎಲ್ಲರೂ ಬಲ್ಲದ್ದು. ಗುಡಿಯ ಮುಂದೆ ಬಹಿರಂಗವಾಗಿ ನಡೆಯುತ್ತಿದ್ದ ವಿಧಿ ಮನೆಯೊಳಕ್ಕೆ ಸರಿಯಿತು. 1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳು ಒಟ್ಟು 46,660 ದೇವದಾಸಿಯರನ್ನು ಗುರುತಿಸಿದವು. ಮಸೂದೆಯ ಹಂತದಲ್ಲಿಯೇ ಆ ಹೆಣ್ಣುಮಕ್ಕಳನ್ನು ಕರೆದು ಕೇಳಿದ್ದರೆ ಶಿಕ್ಷೆಯ ತೂಕ ಬೇರೆ ಕಡೆಗೆ ವಾಲುತ್ತಿತ್ತು.

ಇಂಗ್ಲೆಂಡಿನಲ್ಲಿ 1998ರ ಮಾನವ ಹಕ್ಕುಗಳ ಕಾಯ್ದೆಯ ಪ್ರಕಾರ ಮಸೂದೆ ಮಂಡಿಸುವ ಸಚಿವರು ಅದು ಹಕ್ಕುಗಳಿಗೆ ಹೊಂದುತ್ತದೆಯೇ ಎಂಬ ಹೇಳಿಕೆ ನೀಡಬೇಕು. 2001ರಿಂದ ಉಭಯ ಸದನಗಳ ಜಂಟಿ ಸಮಿತಿಯೊಂದು ಮಸೂದೆಗಳನ್ನು ಈ ದೃಷ್ಟಿಯಿಂದಲೇ ಪರಿಶೀಲಿಸುತ್ತ ಬಂದಿದೆ. ಭಾರತದ ಸಂಸತ್ತಿನಲ್ಲಿ 1993ರಿಂದ ಇಲಾಖಾವಾರು ಸ್ಥಾಯಿ ಸಮಿತಿಗಳಿವೆ, ಆದರೆ ಹಕ್ಕುಗಳಿಗೆಂದೇ ಮೀಸಲಾದ ಅಂಥ ಸಮಿತಿಯಿಲ್ಲ. ಕರ್ನಾಟಕದ ವಿಧಾನಮಂಡಲದಲ್ಲಿ ಮಸೂದೆಯನ್ನು ಪರಿಶೀಲನಾ ಸಮಿತಿಗೆ ಒಪ್ಪಿಸಲು ಅವಕಾಶವಿದೆ, ಕಡ್ಡಾಯವಿಲ್ಲ. ಒಪ್ಪಿಸಿದಾಗಲೂ ಸಾಕ್ಷ್ಯ ಹೇಳಲು ವಕೀಲರ, ಮಠಾಧೀಶರ ಜೊತೆಗೆ ಜೋಗತಿಯೂ ಸಿಡಿ ಏರುವವನೂ ಬರಬೇಕು. ಯಾರು ಮಾಡುತ್ತಾರೆ, ಯಾರು ಮಾಡಿಸುತ್ತಾರೆ, ಒಲ್ಲೆನೆಂದರೆ ಏನಾಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕ್ಷೇತ್ರಕಾರ್ಯ ಮಾಡುವ ಯಾವ ಸಂಶೋಧಕನೂ ಮೊದಲ ದಿನವೇ ಕೇಳುತ್ತಾನೆ.

ಆಳುವವನ ಆಜ್ಞೆಗೂ ಕಲ್ಲಿನ ಬರಹಕ್ಕೂ ಕನ್ನಡದಲ್ಲಿ ಇರುವುದು ‘ಶಾಸನ’ ಎಂಬ ಒಂದೇ ಮಾತು. ಬಳಗಾನೂರಿಗೆ ತಾಲ್ಲೂಕು ಕೇಂದ್ರವಾಗಿರುವ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವು ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತದೆ ಎನ್ನುತ್ತದೆ. ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಇರುವ ಅವನ ಒಂಬತ್ತನೆಯ ಬಂಡೆಶಾಸನ ಹೆಣ್ಣುಮಕ್ಕಳ ಬಗೆಬಗೆಯ ಮಂಗಲಾಚರಣೆಗಳನ್ನು ಅಲ್ಪಫಲದವೆಂದು ಟೀಕಿಸುತ್ತದೆ, ನಿಷೇಧಿಸುವುದಿಲ್ಲ. ಮೊದಲನೆಯ ಶಾಸನದಲ್ಲಿ ಪ್ರಾಣಿಬಲಿಯನ್ನು ತಡೆದ ಅರಸ ತನ್ನ ಅಡುಗೆಮನೆಯಲ್ಲಿ ಇನ್ನೂ ಎರಡು ನವಿಲು, ಒಂದು ಜಿಂಕೆ ಕೊಲೆಯಾಗುತ್ತಿವೆ, ಮುಂದೆ ಅವೂ ನಿಲ್ಲುತ್ತವೆ ಎಂಬುದನ್ನು ಅದೇ ಬಂಡೆಯ ಮೇಲೆ ಬರೆಸಿದ್ದಾನೆ.