ಕಣ್ಣು ಮಿಟುಕಿಸಿ, ಪಿಂಚಣಿ ಪಡೆಯಿರಿ

ನವೆಂಬರ್ ಬಂತೆಂದರೆ ಊರಿಗೆಲ್ಲ ರಾಜ್ಯೋತ್ಸವ. ಪಿಂಚಣಿದಾರರಿಗೆ ಮಾತ್ರ ತಾವಿನ್ನೂ ಬದುಕಿದ್ದೇವೆಂದು ರುಜುವಾತು ಮಾಡುವ ತಿಂಗಳು. ಹಿಂದೆ ಅದಕ್ಕೆ ಬ್ಯಾಂಕಿಗೆ ಖುದ್ದಾಗಿ ಹೋಗಬೇಕಿತ್ತು, ಇಲ್ಲವೇ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿ ಕಳಿಸಬೇಕಿತ್ತು. 2014ರ ನವೆಂಬರ್ 10ರಂದು ಕೇಂದ್ರ ಸರ್ಕಾರ ‘ಜೀವನ್ ಪ್ರಮಾಣ್’ ತಂದಿತು. ಆಧಾರ್‌ನಲ್ಲಿರುವ ಬೆರಳಚ್ಚಿಗೋ ಕಣ್ಣಿನ ಪಾಪೆಗೋ ತಾಳೆಯಾದರೆ ಲೈಫ್ ಸರ್ಟಿಫಿಕೇಟ್ ತಾನಾಗಿ ಪಿಂಚಣಿ ಕಚೇರಿ ಸೇರುತ್ತದೆ. 2020ರಲ್ಲಿ 70 ರೂಪಾಯಿ ಶುಲ್ಕಕ್ಕೆ ಪೋಸ್ಟ್‌ಮ್ಯಾನ್ ಮನೆಬಾಗಿಲಿಗೇ ಯಂತ್ರ ತರುವ ಏರ್ಪಾಡಾಯಿತು. 2021ರಲ್ಲಿ ಮೊಬೈಲಿಗೆ ಮುಖ ತೋರಿಸಿದರೆ ಸಾಕೆನ್ನುವ ಆ್ಯಪ್ ಬಂತು.

ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ. ಹಾಸಿಗೆ ಹಿಡಿದವರನ್ನು ಆಟೊದಲ್ಲಿ ಬ್ಯಾಂಕಿನ ಮೆಟ್ಟಿಲ ತನಕ ತಂದು, ಮ್ಯಾನೇಜರ್ ಹೊರಗೆ ಬಂದು ಇಣುಕಿ ನೋಡುವುದನ್ನೇ ಕಾಯುತ್ತಿದ್ದ ದಿನಗಳನ್ನು ಕಂಡವರು ಯಾರೂ ಹಳೆಯದೇ ಚೆಂದವಿತ್ತು ಎನ್ನಲಾರರು. ಕಾಲಿನ ಕಷ್ಟವನ್ನು ಈ ಯೋಜನೆ ನಿಜಕ್ಕೂ ತಪ್ಪಿಸಿದೆ. ಮನಸ್ಸಿಗೆ ಏನು ಮಾಡಿದೆ ಎಂದು ಯಾರೂ ಕೇಳಿದಂತಿಲ್ಲ. ನನ್ನ ತಕರಾರು ಅಲ್ಲಿಂದ ಶುರುವಾಗುತ್ತದೆ.

ಬೆಂಗಳೂರಿನ ಒಂದು ಸೇವಾ ಕೇಂದ್ರದಲ್ಲಿ ನೋಡಿದ್ದು. ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ, ಎಪ್ಪತ್ತು ದಾಟಿದ ಹೆಂಗಸು. ಭವಿಷ್ಯನಿಧಿಯ ಇಪಿಎಸ್-95 ಪಿಂಚಣಿ. ಹುಡುಗ ‘ತಂಬ್ ಕೊಡಿ ಅಮ್ಮ’ ಅಂದ. ಒತ್ತಿದರು. ಯಂತ್ರದ ಕೆಂಪು ಬೆಳಕು ಹೊತ್ತಿ ಆರಿತು, ತಾಳೆಯಾಗಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೊಮ್ಮೆ ಒತ್ತಿದರು. ಅವನು ಮೇಜಿನ ಮೇಲಿದ್ದ ವ್ಯಾಸಲೀನ್ ಡಬ್ಬಿ ಮುಂದೆ ಸರಿಸಿದ. ಇಂಥವರಿಗೆಂದೇ ಅದು ಅಲ್ಲಿರುತ್ತದಂತೆ. ತೋರುಬೆರಳಾಯಿತು, ನಡುಬೆರಳಾಯಿತು, ಎಡಗೈಯೂ ಆಯಿತು. ಹಿಂದೆ ನಿಂತವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಆಕೆ ಒಂದೊಂದು ಸಲವೂ ತಮ್ಮ ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿ ಕೊನೆಗೆ, ‘ನಂದೇ ಏನೋ ಸರಿಯಿಲ್ಲ ಕಣಪ್ಪ’ ಎಂದರು. ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಜಾಗಕ್ಕೆ ಕೂರಿಸುತ್ತಿದ್ದ ಬೆರಳುಗಳವು.

ಅವರದೇನೂ ತಪ್ಪಿರಲಿಲ್ಲ. ವಯಸ್ಸಾದಂತೆ ಚರ್ಮದ ಪಸೆಯೂ ಬಿಗಿಯೂ ಕಡಿಮೆಯಾಗಿ ಬೆರಳ ಗೆರೆಗಳು ಚಪ್ಪಟೆಯಾಗುತ್ತವೆ. ಜೀವಮಾನವಿಡೀ ಪಾತ್ರೆ ತಿಕ್ಕಿ, ಬಟ್ಟೆ ಒಗೆದ, ಗಾರೆ ಕಲೆಸಿದ ಕೈಗಳಲ್ಲಂತೂ ಗೆರೆ ಮೊದಲೇ ಸವೆದಿರುತ್ತದೆ. ಮುದುಕರಿಗಾಗಿಯೇ ಮಾಡಿದ ಸೌಲಭ್ಯಕ್ಕೆ ಮುಪ್ಪಿನಲ್ಲಿ ಅಳಿಸಿಹೋಗುವ ಗುರುತನ್ನೇ ಬೀಗದ ಕೈಯಾಗಿ ಆರಿಸಿಕೊಂಡದ್ದು ರೂಪಿಸಿದವರ ಎಡವಟ್ಟು. ಆ ಒಂದು ಮಾತನ್ನು ಯಾರಾದರೂ ಆಕೆಗೆ ಹೇಳಿದ್ದರೆ ಅರ್ಧ ಸಂಕಟ ಅಲ್ಲೇ ಇಳಿಯುತ್ತಿತ್ತು.

ಮುಖ ಗುರುತಿಸುವ ಆ್ಯಪ್ ಈ ಎಡವಟ್ಟಿಗೆ ಮದ್ದು, ಒಪ್ಪೋಣ. ಆದರೆ ಅದಕ್ಕೆ ಸ್ಮಾರ್ಟ್‌ಫೋನ್ ಬೇಕು, ಎರಡೆರಡು ಆ್ಯಪ್ ಇಳಿಸಿಕೊಳ್ಳಬೇಕು, ಪಿಂಚಣಿ ಆದೇಶದ (ಪಿಪಿಒ) ನಂಬರ್, ಖಾತೆ ನಂಬರ್ ತುಂಬಬೇಕು, ಓಟಿಪಿ ಬರಬೇಕು. ಆಮೇಲೆ ಪರದೆಯ ವೃತ್ತದೊಳಗೆ ಮುಖವಿಟ್ಟು ರೆಪ್ಪೆ ಬಡಿಯಬೇಕು, ಎದುರಿಗಿರುವುದು ಫೋಟೊ ಅಲ್ಲ, ಜೀವ ಎಂದು ಅದಕ್ಕೆ ಖಾತ್ರಿಯಾಗಲು. ಪೊರೆ ಬಂದ ಕಣ್ಣು, ನಡುಗುವ ಕೈ ಇದ್ದವರು ಮಾಡುವುದೇನು? ಫೋನು ಹಿಡಿಯುವುದು ಮೊಮ್ಮಗ. ‘ಈಗ ಮಿಟುಕ್ಸಿ ತಾತ... ಅಯ್ಯೋ, ಈಗಲ್ಲ!’ ಎಂದು ಮನೆಮಂದಿ ನಗುತ್ತಾರೆ, ತಾತನೂ ನಗುತ್ತಾರೆ. ಐದು ನಿಮಿಷದಲ್ಲಿ ಕೆಲಸವೇನೋ ಮುಗಿಯಿತು. ಏನಾಯಿತು, ಎಲ್ಲಿಗೆ ಹೋಯಿತು, ತಿರಸ್ಕೃತವಾದರೆ ಯಾರಿಗೆ ತಿಳಿಯುತ್ತದೆ ಎಂಬುದೊಂದೂ ತಾತನಿಗೆ ಗೊತ್ತಿಲ್ಲ. ಮೂವತ್ತು ವರ್ಷ ಕಚೇರಿಯ ಲೆಡ್ಜರ್ ಬರೆದ ಮನುಷ್ಯ ತನ್ನ ಕಾಗದವೊಂದಕ್ಕೆ ಮಾತ್ರ ಬರೀ ಮುಖ.

ಕಾರುಬಾರು ತನ್ನ ಕೈಯಲ್ಲಿದೆ ಎಂಬ ಭಾವಕ್ಕೂ ಮುಪ್ಪಿನ ನೆಮ್ಮದಿಗೂ ನಂಟಿದೆ. 1976ರಲ್ಲಿ ಮನೋವಿಜ್ಞಾನಿಗಳಾದ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅಮೆರಿಕದ ಕನೆಕ್ಟಿಕಟ್‌ನ ವೃದ್ಧರ ಶುಶ್ರೂಷಾಲಯವೊಂದರ ಪ್ರಯೋಗವನ್ನು ಪ್ರಕಟಿಸಿದರು. ಒಂದು ಮಹಡಿಯವರಿಗೆ ಗಿಡ ಕೊಟ್ಟು ನೀವೇ ನೋಡಿಕೊಳ್ಳಿ, ಸಿನಿಮಾ ಯಾವ ರಾತ್ರಿ ನೋಡುತ್ತೀರೆಂದು ನೀವೇ ಹೇಳಿ ಎಂದರು. ಇನ್ನೊಂದು ಮಹಡಿಯವರಿಗೂ ಗಿಡ ಸಿಕ್ಕಿತು, ನೀರು ಹಾಕಿದ್ದು ಮಾತ್ರ ನರ್ಸುಗಳು. ಕೆಲವೇ ವಾರಗಳಲ್ಲಿ ಮೊದಲ ಮಹಡಿಯವರು ಹೆಚ್ಚು ಗೆಲುವಾಗಿ, ಚುರುಕಾಗಿ ಕಂಡರು. ಚಿಕ್ಕ ಪ್ರಯೋಗ, ಅದರ ಮೇಲೆ ಉಪ್ಪರಿಗೆ ಕಟ್ಟಬೇಕಿಲ್ಲ. ಆದರೂ ನಾವು ಮನೆಯಲ್ಲಿ ಹಿರಿಯರಿಗೆ ‘ಕೊಡಿಲ್ಲಿ, ನಾನೇ ಮಾಡ್ತೀನಿ’ ಎಂದು ಫೋನು ಕಿತ್ತುಕೊಳ್ಳುವಾಗ ಎರಡನೇ ಮಹಡಿ ಕಟ್ಟುತ್ತಿರುತ್ತೇವೆ.

ಇದರ ಜೊತೆಗೆ ಹೆದರಿಕೆ. ಲೈಫ್ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇವೆಂದು ಕರೆ ಮಾಡಿ ಓಟಿಪಿ ಕೇಳುವ ವಂಚಕರಿದ್ದಾರೆ. ಬಂದ ಲಿಂಕನ್ನೆಲ್ಲ ಒತ್ತಬೇಡಿ, ಮೋಸ ಹೋದರೆ 1930ಕ್ಕೆ ಕರೆ ಮಾಡಿ ಎಂದು ಹೇಳಿ ಹೇಳಿ ಬಾಯಿ ಬತ್ತಿದೆ. ಅದೇ ಹೊತ್ತಿಗೆ ಪ್ರಮಾಣಪತ್ರ ಇಳಿಸಿಕೊಳ್ಳಿ ಎಂಬ ಅಸಲಿ ಸಂದೇಶವೂ ಒಂದು ಲಿಂಕಾಗಿಯೇ ಬರುತ್ತದೆ! ಯಾವುದನ್ನು ನಂಬಬೇಕು? ಒತ್ತಿದರೆ ದುಡ್ಡು ಹೋದೀತು, ಒತ್ತದಿದ್ದರೆ ಪಿಂಚಣಿ ನಿಂತೀತು ಎಂಬ ಇಕ್ಕಟ್ಟಿನಲ್ಲಿ ನಿದ್ದೆಗೆಡುವವರನ್ನು ಅಂಜುಬುರುಕರು ಎನ್ನಲಾಗದು.

ಸಣ್ಣದೊಂದು ನಷ್ಟವೂ ಇದೆ. ಬ್ಯಾಂಕಿನ ಸಾಲಿನಲ್ಲಿ ಹಳೆಯ ಸಹೋದ್ಯೋಗಿಗಳು ಸಿಗುತ್ತಿದ್ದರು. ಯಾರು ಇದ್ದಾರೆ, ಯಾರು ಹೋದರು ಎಂದು ತಿಳಿಯುತ್ತಿತ್ತು, ಎದುರಿನ ಹೋಟೆಲಿನಲ್ಲಿ ಬೈಟು ಕಾಫಿ ಆಗುತ್ತಿತ್ತು. ಅದನ್ನು ಮರಳಿ ತರಲು ಸಾಲನ್ನೂ ಮರಳಿ ತನ್ನಿ ಎಂದು ನಾನಂತೂ ಕೇಳುವುದಿಲ್ಲ.

ಶಿಬಿರ ಹಾಕಿ ಈ ಪ್ರಮಾಣಪತ್ರ ಮಾಡಿಸಿಕೊಡುವ ಕೇಂದ್ರದ ಅಭಿಯಾನ 2022ರಲ್ಲಿ 37 ನಗರಗಳಲ್ಲಿ ನಡೆಯಿತು, ಮರುವರ್ಷ 100 ನಗರಗಳಿಗೆ ಹಬ್ಬಿತು. ಸುದ್ದಿಯಾಗುವುದು ಎಷ್ಟು ಪ್ರಮಾಣಪತ್ರ ಆದವು ಎಂಬುದು. ಎಷ್ಟು ಮಂದಿ ಸ್ವಂತ ಕೈಯಿಂದ ಮಾಡಿಕೊಂಡರು, ಎಷ್ಟು ಬೆರಳುಗಳು ತಾಳೆಯಾಗದೆ ವಾಪಸಾದವು ಎಂಬುದನ್ನೂ ಅಷ್ಟೇ ದೊಡ್ಡದಾಗಿ ಹೇಳಲಿ. ಶಿಬಿರದಲ್ಲಿ ಸಿಬ್ಬಂದಿ ಫೋನು ಹಿಡಿಯುವ ಬದಲು ಹಿಡಿಯುವುದನ್ನು ಕಲಿಸಲಿ. ಕನ್ನಡದಲ್ಲಿ, ಎರಡು ಸಲ, ಅವಸರವಿಲ್ಲದೆ. ಎಂಬತ್ತು ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು, ಅದು ಸರಿ. ಇಪಿಎಸ್-95ರವರಿಗಂತೂ ವರ್ಷದ ಯಾವ ದಿನವಾದರೂ ಆದೀತು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಇವತ್ತು ಬೆರಳು ಕೂರದಿದ್ದರೆ ಮುಂದಿನ ವಾರ ಬಂದರಾಯಿತು ಎನ್ನುವ ಆ ಸಡಿಲಕ್ಕೆ ಹೊಸ ಆ್ಯಪ್ ಬೇಕಾಗಲಿಲ್ಲ, ಒಂದು ಸುತ್ತೋಲೆ ಸಾಕಾಯಿತು. ಉಳಿದ ಪಿಂಚಣಿದಾರರಿಗೆ ಮಾತ್ರ ನವೆಂಬರಿನ ಗಡುವು ಯಾಕೆ?